ಹಿತ್ತಲ ಜೀವಿಗಳ ಛಾಯಾಗ್ರಹಣ: ಬಿಳಿಚೋಡು ಸೀಮೆಯ ಕಂಬಳಿಹುಳುಗಳು ಮತ್ತು ಅವುಗಳ ನೆರೆಹೊರೆ

ಮನೆಯ ಹಿತ್ತಲು, ಹೊಲದ ಬದು, ತೋಟ, ಬೇಲಿಗಳಲ್ಲಿ ಬದುಕುವ ಸಣ್ಣ ಜೀವಿಗಳನ್ನು, ಮುಖ್ಯವಾಗಿ ಚಿಟ್ಟೆ ಮತ್ತು ಪತಂಗಗಳ ಮರಿಹುಳುಗಳನ್ನು, ಅವು ಇದ್ದಲ್ಲೇ ಹತ್ತಿರದಿಂದ ಚಿತ್ರ ತೆಗೆಯುವ ಕಲೆ. ವನ್ಯಜೀವಿ ಛಾಯಾಗ್ರಹಣದ ಕವಲುಗಳಲ್ಲಿ ಕಡಿಮೆ ಖರ್ಚಿನದು ಇದು. ಕೀಟಶಾಸ್ತ್ರಕ್ಕೂ ಬೇಸಾಯಕ್ಕೂ ನೇರವಾಗಿ ಒದಗುವುದೂ ಇದೇ. ಹುಲಿಯ ಚಿತ್ರ ನೋಡಿ ಹುಲಿ ಎನ್ನಲು ಬೇರೇನೂ ಬೇಡ. ಮರಿಹುಳುವಿನ ಚಿತ್ರದಲ್ಲಿ ಅದು ತಿನ್ನುತ್ತಿದ್ದ ಗಿಡದ ಗುರುತು ಇಲ್ಲದೆ ಹೋದರೆ ಹೆಸರು ಹೇಳಲು ಬಹಳ ಸಲ ಆಗುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ದುಬಾರಿ ಕ್ಯಾಮೆರಾ ಇದ್ದವರಿಗಿಂತ ಗಿಡ ಬಲ್ಲವರು ಮುಂದೆ ಇರುತ್ತಾರೆ. ಒಣಬೇಸಾಯದ ಊರುಗಳ ರೈತರಿಗೆ, ಹಿತ್ತಲು ನೋಡಿಕೊಳ್ಳುವ ಹೆಂಗಸರಿಗೆ, ಶಾಲೆಯ ಮಕ್ಕಳಿಗೆ ಆ ಬಲ ಹುಟ್ಟಿನಿಂದಲೇ ಬಂದಿರುತ್ತದೆ.

ಬಿಳಿಚೋಡು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಈ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅತ್ತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆ ತೋಟ, ಭದ್ರಾ ನಾಲೆಯ ನೀರು, ಸೂಳೆಕೆರೆಯ ತಂಪು. ಇತ್ತ ಜಗಳೂರು ಮಳೆನೆರಳಿನ ಬಯಲು. ಮೆಕ್ಕೆಜೋಳ, ಶೇಂಗಾ, ಜೋಳ, ತೊಗರಿ, ಈರುಳ್ಳಿ ಇಲ್ಲಿನ ಬೆಳೆಗಳು. ಬೇವು, ಹೊಂಗೆ, ಹುಣಸೆ, ಜಾಲಿ ಇಲ್ಲಿನ ಮರಗಳು. ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಹೊರಗಿನಿಂದ ಕ್ಯಾಮೆರಾ ಹೊತ್ತು ಬರುವವರು ಕೊಂಡುಕುರಿಯನ್ನೇ ಹುಡುಕಿಕೊಂಡು ಬರುತ್ತಾರೆ. ದಾರಿಬದಿಯ ಎಕ್ಕದ ಗಿಡದ ಮುಂದೆ ಕೂತು ನೋಡುವವರು ವಿರಳ. ಈ ಬಯಲಿನ ಬಣ್ಣದ ದೊಡ್ಡ ಪಾಲು ಇರುವುದು ಅಲ್ಲೇ.

ಗಿಡ ಮತ್ತು ಹುಳು

ಎಕ್ಕದ ಎಲೆಯ ಅಡಿ ಮಗುಚಿದರೆ ಸಿಗುವ ಕಪ್ಪು, ಬಿಳಿ, ಹಳದಿ ಪಟ್ಟೆಗಳ ನುಣುಪು ಹುಳು ಪ್ಲೇನ್ ಟೈಗರ್ ಚಿಟ್ಟೆಯದು. ಮೈಮೇಲೆ ಮೂರು ಜೊತೆ ಕರಿಯ ಎಳೆಗಳು ಮೀಸೆಯಂತೆ ನಿಂತಿರುತ್ತವೆ. ಎಕ್ಕದ ಹಾಲಿನ ವಿಷವನ್ನು ಅದು ಮೈಯಲ್ಲೇ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಮುಟ್ಟಲು ಹಿಂಜರಿಯುತ್ತವೆ. ಅದರ ಬಣ್ಣ ಆ ವಿಷದ ಎಚ್ಚರಿಕೆ. ಹುಳು ತಿನ್ನುವ ಮೊದಲು ಎಲೆಯ ನರವನ್ನು ಕಚ್ಚಿ ಹಾಲು ಸೋರಿಹೋಗುವಂತೆ ಮಾಡುವುದುಂಟು. ಎಳೆಗಳ ಜೊತೆ ಮೂರಲ್ಲದೆ ನಾಲ್ಕಿದ್ದು, ಗಿಡ ಎಕ್ಕವಲ್ಲದೆ ಕಣಗಿಲೆಯಾಗಿದ್ದರೆ ಅದು ಕಾಮನ್ ಕ್ರೋ ಚಿಟ್ಟೆಯ ಹುಳು. ಇದರ ಕೋಶವೇ ಈ ಬಯಲಿನ ಹಿತ್ತಲುಗಳಲ್ಲಿ ಸಿಗುವ ಅತ್ಯಂತ ಬೆರಗಿನ ವಸ್ತು ಎನ್ನಬೇಕು: ಕಣಗಿಲೆ ಎಲೆಯ ಅಡಿ ತೂಗುವ, ಬೆಳ್ಳಿ ಬಂಗಾರದ ಹೊಳಪಿನ ಪುಟ್ಟ ಗುಂಡು. ಆ ಹೊಳಪಿನಲ್ಲಿ ಬಣ್ಣದ ಪುಡಿಯ ಪಾತ್ರವಿಲ್ಲ. ಕೋಶದ ಚರ್ಮದ ತೆಳು ಪದರಗಳು ಬೆಳಕನ್ನು ಹಿಂದಿರುಗಿಸುವುದರಿಂದ ಅದು ಹುಟ್ಟುತ್ತದೆ. ಫ್ಲ್ಯಾಶ್ ಹಾಕಿದರೆ ಚಿತ್ರದಲ್ಲಿ ಒಂದು ಬಿಳಿ ಕಲೆ ಮಾತ್ರ ಉಳಿಯುತ್ತದೆ, ಇಲ್ಲವೇ ಕ್ಯಾಮೆರಾ ಹಿಡಿದವರ ಬಿಂಬವೇ ಅದರಲ್ಲಿ ಕಾಣುತ್ತದೆ. ಮೋಡದ ದಿನ, ನೆರಳಿನಲ್ಲಿ, ಬಿಳಿ ಪಂಚೆಯೊಂದನ್ನು ಪಕ್ಕಕ್ಕೆ ಹಿಡಿದು ತೆಗೆದ ಚಿತ್ರದಲ್ಲಿ ಬಂಗಾರ ಬಂಗಾರವಾಗಿಯೇ ಬರುತ್ತದೆ.

ಅದೇ ಕಣಗಿಲೆಯಲ್ಲಿ, ನಂದಿಬಟ್ಟಲಿನಲ್ಲಿ ಬೆರಳುದ್ದದ ದಪ್ಪ ಹಸಿರು ಹುಳು ಕಂಡರೆ ಅದು ಗಿಡುಗ ಪತಂಗದ ಸಂತಾನ. ಬಾಲದಲ್ಲಿ ಕೊಂಬು, ತಲೆಯ ಹಿಂದೆ ನೀಲಿ ಕಣ್ಣಿನಂಥ ಎರಡು ಗುರುತು. ಬೆದರಿದಾಗ ಅದು ತಲೆ ಒಳಗೆಳೆದು ಕತ್ತು ಉಬ್ಬಿಸುತ್ತದೆ. ಆಗ ಆ ಹುಸಿಗಣ್ಣುಗಳು ದೊಡ್ಡದಾಗಿ ತೆರೆದು ಸಣ್ಣ ಹಾವಿನ ಮುಖ ಕಂಡಂತಾಗುತ್ತದೆ. ಎಳ್ಳಿನ ಹೊಲದಲ್ಲಿ ಇದರ ಬಳಗದ ಇನ್ನೊಂದು ದೊಡ್ಡ ಹುಳು ಸಿಗುತ್ತದೆ. ಅದರ ಪತಂಗದ ಬೆನ್ನ ಮೇಲೆ ತಲೆಬುರುಡೆಯ ಗುರುತಿರುತ್ತದೆ.

ನಿಂಬೆ ಮತ್ತು ಕರಿಬೇವು ಇಲ್ಲದ ಹಿತ್ತಲು ಕಡಿಮೆ. ಅವುಗಳ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿದ್ದಿರುವ ಕಂದು ಬಿಳಿ ಮುದ್ದೆಯನ್ನು ಗಮನಿಸಿ ನೋಡಿದರೆ ಅದಕ್ಕೆ ಕಾಲುಗಳಿರುತ್ತವೆ. ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಚಿಟ್ಟೆಗಳ ಮರಿಹುಳುಗಳು ಎಳೆಯ ಹಂತಗಳಲ್ಲಿ ಈ ವೇಷದಲ್ಲಿದ್ದು, ಕೊನೆಯ ಪೊರೆ ಕಳಚಿದ ಮೇಲೆ ಎಲೆಹಸಿರಿಗೆ ತಿರುಗುತ್ತವೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಮೆದು ಕೊಂಬು ಚಿಮ್ಮಿ, ಕಟುವಾದ ವಾಸನೆ ಬರುತ್ತದೆ. ಕೆಲವು ಕ್ಷಣಗಳಲ್ಲಿ ಕೊಂಬು ಒಳಗೆ ಸರಿಯುತ್ತದೆ. ಆ ಕೊಂಬಿನ ಚಿತ್ರಕ್ಕಾಗಿ ಹುಳುವನ್ನು ಮತ್ತೆ ಮತ್ತೆ ಚುಚ್ಚುವ ಅಭ್ಯಾಸ ಹವ್ಯಾಸಿಗಳಲ್ಲಿ ಇದೆ, ಅದನ್ನು ಬಿಡಬೇಕು. ಇರುವೆಯೋ ಕಣಜವೋ ಬಂದು ಕೆಣಕುವವರೆಗೆ ಕಾದವರಿಗೆ ಕೊಂಬಿನ ಜೊತೆಗೆ ಅದರ ಕಾರಣವೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತದೆ.

ಮಾವಿನ ಗಿಡವಿದ್ದ ಕಡೆ ಕಾಮನ್ ಬ್ಯಾರನ್ ಚಿಟ್ಟೆಯ ಹುಳುವನ್ನು ಹುಡುಕಬಹುದು. ಬೆನ್ನ ಮೇಲಿನ ಹಳದಿ ಗೆರೆಯನ್ನು ಎಲೆಯ ನಡುನರದ ಮೇಲೆ ಸರಿಯಾಗಿ ಹೊಂದಿಸಿ ಅದು ಮಲಗುತ್ತದೆ. ಎರಡೂ ಬದಿಗೆ ಚಾಚಿದ ಗರಿಯಂಥ ಮುಳ್ಳುಗಳು ಎಲೆಗೆ ಅಂಟಿಕೊಂಡು ನೆರಳೇ ಬೀಳದಂತೆ ಮಾಡುತ್ತವೆ. ನೇರ ಮುಂದಿನಿಂದ ಬೆಳಕು ಬಿದ್ದರೆ ಹುಳು ಚಿತ್ರದಲ್ಲಿಯೂ ಮಾಯ. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಗರಿಗಳ ಅಂಚು ಎದ್ದು ಕಾಣುತ್ತದೆ.

ಶೇಂಗಾ ಹೊಲದ ಅಂಚಿಗೆ ಹಾಕುವ ಔಡಲದ ಮೇಲೆ ಬೆನ್ನು ಬಿಲ್ಲಾಗಿಸಿ ನಡೆಯುವ ಕೊಂಡಲಿ ಹುಳುವೂ ಕಾಮನ್ ಕ್ಯಾಸ್ಟರ್ ಚಿಟ್ಟೆಯ ಮುಳ್ಳು ಹುಳುವೂ ಜೊತೆಯಾಗಿಯೇ ಸಿಗುವುದುಂಟು. ತಂಗಡಿಯಲ್ಲಿ ಎಮಿಗ್ರಂಟ್ ಚಿಟ್ಟೆಗಳ ಹಸಿರು ಹುಳು, ನುಗ್ಗೆಯ ಬೊಡ್ಡೆಯಲ್ಲಿ ಹಗಲೆಲ್ಲ ಗುಂಪುಗಟ್ಟಿ ಕೂರುವ ಕಂಬಳಿಹುಳು. ಈ ಕಂಬಳಿಹುಳುವಿನ ಕೂದಲು ತಾಗಿದರೆ ನವೆ, ದದ್ದು; ಕಣ್ಣಿಗೆ ಬಿದ್ದರೆ ಅಪಾಯ. ಹತ್ತಿರದ ಚಿತ್ರಕ್ಕಾಗಿ ಮುಖವನ್ನು ಬೊಡ್ಡೆಯ ಬಳಿ ಒಯ್ಯುವವರು ಗಾಳಿ ಎತ್ತಣಿಂದ ಬೀಸುತ್ತಿದೆ ಎಂದು ನೋಡಿಕೊಳ್ಳಬೇಕು.

ಮಳೆಯ ಲೆಕ್ಕ

ಇಲ್ಲಿ ಹುಳುಗಳ ಕಾಲ ಮಳೆ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ. ಕೆಂಪು ತಲೆ ಕಂಬಳಿಹುಳು ಇದಕ್ಕೆ ಸ್ಪಷ್ಟ ನಿದರ್ಶನ. ಅದರ ಕೋಶಗಳು ಬೇಸಿಗೆಯುದ್ದಕ್ಕೂ ಹೊಲದ ಮಣ್ಣಿನಡಿ, ಬದುಗಳ ಬುಡದಲ್ಲಿ ನಿದ್ದೆಯಲ್ಲಿರುತ್ತವೆ. ಒಳ್ಳೆಯ ಮೊದಲ ಮಳೆಯಾದ ಕೆಲವು ದಿನಗಳಲ್ಲಿ ಪತಂಗಗಳು ಒಟ್ಟಿಗೆ ಎದ್ದು ಬೀದಿದೀಪಗಳಿಗೆ ಮುತ್ತುತ್ತವೆ. ಶೇಂಗಾ ಮೊಳೆತು ಮೇಲೆ ಬರುವ ಹೊತ್ತಿಗೆ ಮರಿಗಳೂ ಸಿದ್ಧ. ಒಂದು ಹೊಲ ಬರಿದಾದರೆ ಸಾಲುಗಟ್ಟಿ ಪಕ್ಕದ ಹೊಲಕ್ಕೆ ನಡೆಯುತ್ತವೆ. ಬಣ್ಣದ ದೃಷ್ಟಿಯಿಂದ ಕೆಂಗಂದು ಕೂದಲಿನ ಈ ದಂಡು ಅಪರೂಪದ ವಸ್ತು. ಬಿತ್ತಿದವರಿಗೆ ಅದೇ ದಂಡು ವರ್ಷದ ಅನ್ನ ಕಳೆಯುವಂಥದು. ಚಿತ್ರ ತೆಗೆಯುವವರು ಈ ಎರಡನ್ನೂ ಮರೆಯದೆ ಹೊಲದ ಯಜಮಾನರನ್ನು ಮೊದಲು ಮಾತಾಡಿಸಿ ಇಳಿಯುವುದು ಮರ್ಯಾದೆ. ಮುಂಗಾರಿನೊಂದಿಗೆ ಹೆಸರು ಕೂಡಿಕೊಂಡ ಚಾತಕ ಹಕ್ಕಿಗೆ ಕೂದಲಿನ ಹುಳುಗಳೇ ಪ್ರಿಯ ಆಹಾರ. ಹುಳುವನ್ನು ಕೊಕ್ಕಿನಲ್ಲಿ ತುದಿಯಿಂದ ತುದಿಗೆ ಹಿಂಡಿ ಕರುಳು ಕಳೆದು ಅದು ನುಂಗುತ್ತದೆ. ಈ ದೃಶ್ಯ ಸಿಕ್ಕರೆ ಆ ಮಳೆಗಾಲದ ಶ್ರಮ ಸಾರ್ಥಕ.

ಆಷಾಢದ ಗಾಳಿಯಲ್ಲಿ ಎಲೆ ನಿಲ್ಲುವುದಿಲ್ಲ, ಹತ್ತಿರದ ಚಿತ್ರ ಕಷ್ಟ. ಶ್ರಾವಣದಿಂದ ದೀಪಾವಳಿವರೆಗೆ ಹಿತ್ತಲುಗಳು ತುಂಬಿರುತ್ತವೆ. ಹಿಂಗಾರಿನಲ್ಲಿ ಕಡಲೆ, ತೊಗರಿಗಳಿಗೆ ಕಾಯಿಕೊರಕ ಬರುತ್ತದೆ. ಇದು ಹಸಿರು, ಕಂದು, ನಸುಗೆಂಪು ಎಂದು ಹಲವು ಬಣ್ಣಗಳಲ್ಲಿ ಇರುವುದರಿಂದ ಬಣ್ಣವೊಂದನ್ನೇ ನಂಬಿ ಹೆಸರು ಹೇಳುವವರು ಇದರ ಮುಂದೆ ಸೋಲುತ್ತಾರೆ.

2018ರ ಲದ್ದಿ ಹುಳು

ಮರಿಹುಳುವಿನ ಒಳ್ಳೆಯ ಚಿತ್ರಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಈ ಸೀಮೆ 2018ರಲ್ಲಿ ಕಂಡಿತು. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತ್ತು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕೃಷಿ ಕಾಲೇಜಿನ ಮೆಕ್ಕೆಜೋಳದ ತಾಕುಗಳಲ್ಲಿ. ಮುಂದೆ ಅದು ದೇಶದ ಬಹುತೇಕ ಮೆಕ್ಕೆಜೋಳ ಪ್ರದೇಶಗಳಿಗೆ ಹಬ್ಬಿತು. ದಾವಣಗೆರೆ ರಾಜ್ಯದ ಮುಖ್ಯ ಮೆಕ್ಕೆಜೋಳ ಜಿಲ್ಲೆಗಳಲ್ಲಿ ಒಂದು. ಶಿವಮೊಗ್ಗಕ್ಕೆ ನೆರೆಯ ಜಿಲ್ಲೆ. ಸುಳಿಯೊಳಗೆ ಕೂತು ತಿಂದು, ಒದ್ದೆ ಮರದ ಪುಡಿಯಂಥ ಹಿಕ್ಕೆ ತುಂಬುವ ಈ ಹುಳುವನ್ನು ರೈತರು ಲದ್ದಿ ಹುಳು ಎಂದೇ ಕರೆದರು.

ಇದನ್ನು ಊರಿನ ಹಳೆಯ ಹುಳುಗಳಿಂದ ಬೇರೆ ಮಾಡಿ ಗುರುತಿಸಲು ಎರಡು ಗುರುತು ಸಾಕು. ತಲೆಯ ಮುಂಭಾಗದಲ್ಲಿ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ. ಹಿಂತುದಿಗೆ ಹತ್ತಿರ, ಹೊಟ್ಟೆಯ ಎಂಟನೆಯ ಖಂಡದ ಮೇಲೆ ಚೌಕದ ನಾಲ್ಕು ಮೂಲೆಗಳಿಗೆ ಇಟ್ಟಂತೆ ನಾಲ್ಕು ಕಪ್ಪು ಚುಕ್ಕೆ. ಎರಡೂ ಬರಿಗಣ್ಣಿಗೆ ಕಷ್ಟವಾದರೂ ಫೋನಿನ ಹತ್ತಿರದ ಚಿತ್ರದಲ್ಲಿ ಸಲೀಸಾಗಿ ಕಾಣುತ್ತವೆ. ಆದರೆ ಬಹಳ ಜನ ತೆಗೆಯುವುದು ಪಕ್ಕದಿಂದ, ಹುಳುವಿನ ಉದ್ದ ತೋರಿಸಲು. ಅದರಲ್ಲಿ ಈ ಎರಡು ಗುರುತೂ ತಪ್ಪಿಹೋಗುತ್ತವೆ. ತಲೆ ಎದುರಿನಿಂದ ಒಂದು, ಬೆನ್ನ ಮೇಲಿನಿಂದ ಒಂದು, ತಿಂದ ಸುಳಿಯದು ಒಂದು, ಹೀಗೆ ಮೂರು ಚಿತ್ರ ಕೈಲಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿಯೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ತೋರಿಸಿ ಕೇಳಬಹುದು. ಹುಳು ಯಾವುದೆಂದು ತಿಳಿಯದೆ ಔಷಧಿ ಹೊಡೆಯುವುದು ತಪ್ಪುತ್ತದೆ. ಇದೇ ಹೊಲಗಳಲ್ಲಿ ಎಲೆಗೆ ಅಂಟಿ ಸತ್ತು, ಮೈಯೆಲ್ಲ ಬಿಳಿಯ ಬೂಷ್ಟು ಹಿಡಿದು ಆಮೇಲೆ ಹಸಿರಾಗುವ ಹುಳುಗಳೂ ಕಾಣುತ್ತವೆ. ಮೆಟರೈಜಿಯಂ ರೈಲಿ ಎಂಬ ಶಿಲೀಂಧ್ರ ಅವನ್ನು ಕೊಂದಿರುತ್ತದೆ. ಆ ಚಿತ್ರಕ್ಕೆ ಚೆಲುವಿಲ್ಲದಿದ್ದರೂ ಹೊಲದಲ್ಲಿ ರೈತನ ಪರವಾಗಿ ದುಡಿಯುವ ಜೀವಿಯೊಂದರ ಸಾಕ್ಷಿ ಅದು.

ಸಲಕರಣೆ ಮತ್ತು ಬೆಳಕು

ವಸ್ತುವಿನ ನಿಜ ಅಳತೆಯಷ್ಟೇ ಬಿಂಬವನ್ನು ಸಂವೇದಕದ ಮೇಲೆ ಮೂಡಿಸಬಲ್ಲ ಲೆನ್ಸಿಗೆ ಮ್ಯಾಕ್ರೋ ಲೆನ್ಸ್ ಎನ್ನುತ್ತಾರೆ. ಇಲ್ಲಿನ ಮುಖ್ಯ ತೊಡಕು ಸ್ಪಷ್ಟತೆಯ ಆಳ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ ನಿಜ ಅಳತೆಗೆ, ಎಫ್ 11 ದ್ಯುತಿರಂಧ್ರದಲ್ಲಿ ತೆಗೆದರೆ ಸುಮಾರು ಒಂದೂಕಾಲು ಮಿಲಿಮೀಟರ್ ಆಳ ಮಾತ್ರ ಚೊಕ್ಕವಾಗಿರುತ್ತದೆ. ಅರ್ಧ ಅಳತೆಗೆ ಇಳಿದರೆ ನಾಲ್ಕು ಮಿಲಿಮೀಟರ್. ಐದಾರು ಮಿಲಿಮೀಟರ್ ದಪ್ಪದ ಹುಳು ತಲೆಯಿಂದ ಬಾಲದವರೆಗೆ ಸ್ಪಷ್ಟವಾಗಬೇಕೆಂದರೆ ಸಂವೇದಕವನ್ನು ಅದರ ಮೈಗೆ ಸಮಾನಾಂತರವಾಗಿ ಹಿಡಿಯುವುದೇ ದಾರಿ. ರಂಧ್ರವನ್ನು ಇನ್ನೂ ಕಿರಿದು ಮಾಡಿದರೆ ಬೆಳಕಿನ ಬಾಗುವಿಕೆಯಿಂದ ಇಡೀ ಚಿತ್ರ ಮಂಕಾಗುತ್ತದೆ. ನಿಜ ಅಳತೆಯಲ್ಲಿ ಎರಡು ಸ್ಟಾಪ್‌ನಷ್ಟು ಬೆಳಕೂ ನಷ್ಟವಾಗುವುದರಿಂದ ಫ್ಲ್ಯಾಶ್ ಬೇಕಾಗುತ್ತದೆ. ಅದರ ಮುಂದೆ ಬಿಳಿ ಪ್ಲಾಸ್ಟಿಕ್ ಹಾಳೆಯೋ ತೆಳು ಬಟ್ಟೆಯೋ ಇಲ್ಲದಿದ್ದರೆ ನುಣುಪು ಹುಳುವಿನ ಮೈಮೇಲೆ ಹೊಳಪು ಚುಕ್ಕೆಗಳು ಬೀಳುತ್ತವೆ. ಹಂತ ಹಂತವಾಗಿ ಫೋಕಸ್ ಸರಿಸಿ ತೆಗೆದ ಚಿತ್ರಗಳನ್ನು ಒಂದಾಗಿಸುವ ಫೋಕಸ್ ಸ್ಟ್ಯಾಕಿಂಗ್ ವಿಧಾನ ನಿಶ್ಚಲ ಜೀವಿಗಳಿಗೆ ಹೊಂದುತ್ತದೆ.

ಮ್ಯಾಕ್ರೋ ಲೆನ್ಸ್ ಇಲ್ಲದವರು ಸಾಮಾನ್ಯ ಲೆನ್ಸಿನ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸುವುದುಂಟು, ಲೆನ್ಸನ್ನೇ ತಿರುಗಿಸಿ ಜೋಡಿಸುವುದೂ ಉಂಟು. ಸ್ಮಾರ್ಟ್‌ಫೋನಿನ ಸಂವೇದಕ ಪುಟ್ಟದಾದ್ದರಿಂದ ಅದರಲ್ಲಿ ಸ್ಪಷ್ಟತೆಯ ಆಳ ಹೆಚ್ಚು. ಕ್ಲಿಪ್ ಲೆನ್ಸ್ ಸಿಕ್ಕಿಸಿದ ಫೋನು ಮರಿಹುಳುಗಳ ಮಟ್ಟಿಗೆ ಸಾಕಷ್ಟು ಕೆಲಸ ಮಾಡುತ್ತದೆ. ಅದರ ಕೊರತೆ ದೂರದ್ದು: ಲೆನ್ಸು ಹುಳುವಿಗೆ ತೀರಾ ಹತ್ತಿರ ಹೋಗಬೇಕು, ಫೋನಿನ ನೆರಳೇ ಮೇಲೆ ಬೀಳುತ್ತದೆ.

ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಎಲ್ಲಕ್ಕೂ ಒಳ್ಳೆಯ ಹೊತ್ತು. ಗಾಳಿ ಕಡಿಮೆ, ಕೀಟಗಳ ಮೈ ಇನ್ನೂ ತಣ್ಣಗಿದ್ದು ಚಲನೆ ನಿಧಾನ, ಚಳಿಗಾಲದಲ್ಲಿ ಇಬ್ಬನಿ ಬೇರೆ. ಹುಳು ಪೊರೆ ಬಿಡುವ ಮುನ್ನ ತಿನ್ನುವುದು ನಿಲ್ಲಿಸಿ ಅಲುಗಾಡದೆ ಕೂರುತ್ತದೆ. ರೇಷ್ಮೆ ಸಾಕುವವರು ಇದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿನ ಚಿತ್ರ ತೆಗೆಯುವುದು ಸುಲಭ, ಆದರೆ ಅದನ್ನು ಕದಲಿಸಿದರೆ ಪೊರೆ ಸರಿಯಾಗಿ ಕಳಚದೆ ಸಾಯಬಹುದು. ರಾತ್ರಿ ಹೊತ್ತು ಅತಿನೇರಳೆ ಟಾರ್ಚ್ ಬೆಳಕಿಗೆ ಹಲವು ಹಸಿರು ಹುಳುಗಳು ಎಲೆಗಿಂತ ಬೇರೆಯಾಗಿ ಹೊಳೆಯುತ್ತವೆ. ಅದೇ ಬೆಳಕಿಗೆ ಕಲ್ಲುಸಂದಿಯ ಚೇಳೂ ನೀಲಿಹಸಿರಾಗಿ ಹೊಳೆಯುವುದರಿಂದ ಕಾಲಿಡುವ ಜಾಗವೂ ಕಾಣುತ್ತದೆ.

ನೆರೆಹೊರೆಯವರು

ಎಕ್ಕದ ಮೇಲೆ ಹುಳುವಿನ ಜೊತೆಗೆ ನೀಲಿ ಹಳದಿ ಬಣ್ಣದ ಎಕ್ಕದ ಮಿಡತೆ ಸಿಗುತ್ತದೆ. ಅದೂ ಅದೇ ವಿಷದ ಆಸರೆಯಲ್ಲಿ ಬದುಕುವುದು. ಬೇಲಿಯ ಓತಿಕ್ಯಾತ ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು ಕೆಂಪಾಗಿಸಿಕೊಂಡು ದಂಡ ಹೊಡೆಯುತ್ತದೆ. ಕುರುಚಲು ಬಯಲಿನ ಬೀಸಣಿಗೆ ಗಂಟಲಿನ ಹಲ್ಲಿ ಮುಂಗಾರಿಗೆ ಮುಂಚೆ ಸಣ್ಣ ಕಲ್ಲೇರಿ ಗಂಟಲ ಚರ್ಮವನ್ನು ಬಿಚ್ಚಿ ಮುಚ್ಚಿ ಮಾಡುತ್ತದೆ. ಇದನ್ನು ನಿಂತು ತೆಗೆದರೆ ಕಲ್ಲು ಮಣ್ಣೇ ಹೆಚ್ಚು ಕಾಣುವುದರಿಂದ ನೆಲಕ್ಕೆ ಮಲಗಿಯೇ ತೆಗೆಯಬೇಕು. ಮೊದಲ ಮಳೆಯ ಮರುದಿನ ಕೆಂಪು ನೆಲದ ಮೇಲೆ ಮಖಮಲ್ಲಿನಂಥ ಕಡುಗೆಂಪು ಜೀವಿಗಳು ಹರಿದಾಡುತ್ತವೆ. ಇವು ಎಂಟು ಕಾಲಿನ ನುಸಿಗಳು, ಜೇಡದ ಬಳಗ. ಮಾವಿನ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗಗಳ ನಡುವೆ ಅವುಗಳದೇ ರೂಪ ತಾಳಿ ಓಡಾಡುವ ಜಿಗಿಜೇಡವೊಂದಿದೆ. ಕಾಲು ಎಣಿಸಿದರೆ ಎಂಟು. ಸೂರಕ್ಕಿ, ಸಿಂಪಿಗ, ಅಳಿಲುಗಳಿಗೆ ಉದ್ದ ಲೆನ್ಸ್ ಬೇಕು.

ಕರ್ನಾಟಕದಲ್ಲಿ ಈ ಕಲೆಯ ಹಿನ್ನೆಲೆ

ಮರಿಹುಳುವನ್ನು ಅದರ ಗಿಡದೊಂದಿಗೆ ದಾಖಲಿಸುವ ಪದ್ಧತಿಗೆ ನಮ್ಮ ನಾಡಿನಲ್ಲಿ ಗಟ್ಟಿ ಬುನಾದಿ ಹಾಕಿದ ಊರು ಕಾರವಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿದ್ದ ಕಲೆಕ್ಟರ್ ಜೆ. ಡೇವಿಡ್‌ಸನ್, ಉಪ್ಪು ಮತ್ತು ಸುಂಕ ಇಲಾಖೆಯ ಇ. ಎಚ್. ಐಟ್ಕನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಉತ್ತರ ಕನ್ನಡದ ಚಿಟ್ಟೆಗಳ ಹುಳುಗಳನ್ನು ಮನೆಯಲ್ಲಿ ಸಾಕಿ, ಯಾವ ಹುಳುವಿಗೆ ಯಾವ ಎಲೆ ಎಂದು ಬರೆದಿಟ್ಟರು. ಅವರ ಬರಹಗಳು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಬಂದವು. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡರು. ಎಫ್. ಬಿ. ಸ್ಕಾಟ್ ಅವರೊಂದಿಗೆ ಅವರು ಬರೆದ ಭಾರತದ ಗಿಡುಗ ಪತಂಗಗಳ ಸಂಪುಟ 1937ರಲ್ಲಿ ಪ್ರಕಟವಾಯಿತು. ಕಣಗಿಲೆಯ ಆ ಕೊಂಬಿನ ಹುಳುವಿನ ಬಗ್ಗೆ ತಿಳಿಯಬೇಕಾದವರು ಇಂದಿಗೂ ಈ ಗ್ರಂಥವನ್ನು ತೆರೆಯುತ್ತಾರೆ.

ಕ್ಯಾಮೆರಾದ ಪರಂಪರೆ ಬೆಂಗಳೂರಿನಲ್ಲಿ ಬೆಳೆಯಿತು. ಒ. ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಇ. ಹನುಮಂತರಾವ್ ಮತ್ತು ಟಿ. ಎನ್. ಎ. ಪೆರುಮಾಳ್ ಅವರ ಕಾಲದಲ್ಲಿ ಒಂದು ಫಿಲ್ಮ್ ಸುರುಳಿಗೆ 36 ಚಿತ್ರ, ತೊಳೆದ ಮೇಲಷ್ಟೇ ಫಲ ಕಾಣುತ್ತಿತ್ತು. 2017ರಲ್ಲಿ ನಿಧನರಾದ ಪೆರುಮಾಳ್ ಹಲವು ತಲೆಮಾರಿನ ಛಾಯಾಗ್ರಾಹಕರಿಗೆ ಗುರುವಾಗಿದ್ದರು. 1971ರಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯೂ ಈ ಕಲಿಕೆಯನ್ನು ಮುಂದುವರಿಸಿತು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಕನ್ನಡದಲ್ಲೇ ಬರೆದು, ಊರಲ್ಲಿ ಕೂತೇ ನಿಸರ್ಗ ನೋಡಬಹುದೆಂಬ ಧೈರ್ಯವನ್ನು ಹಳ್ಳಿಯ ಓದುಗರಿಗೆ ಕೊಟ್ಟರು. ಚಿಟ್ಟೆಗಳ ಮಟ್ಟಿಗೆ 2000ದಲ್ಲಿ ಬಂದ ಕೃಷ್ಣಮೇಘ ಕುಂಟೆ ಅವರ ದಕ್ಷಿಣ ಭಾರತದ ಚಿಟ್ಟೆಗಳ ಪುಸ್ತಕವೂ ಅವರ ತಂಡ ನಡೆಸುವ ಅಂತರ್ಜಾಲ ತಾಣವೂ ಆಧಾರ. ಈ ತಾಣದಲ್ಲಿ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂಬ ಎಲ್ಲ ಹಂತಗಳ ಚಿತ್ರಗಳಿಗೂ ಜಾಗವಿದೆ.

ನಡವಳಿಕೆ ಮತ್ತು ದಾಖಲೆ

ಹುಳುವನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸುವುದು, ಅಂಟು ಹಚ್ಚಿ ನಿಲ್ಲಿಸುವುದು, ಚೆಂದದ ಹೂವಿನ ಮೇಲೆ ತಂದು ಕೂರಿಸುವುದು ಹಿಂಸೆ. ಜೊತೆಗೆ ಸುಳ್ಳು ಸಾಕ್ಷಿಯೂ ಹೌದು. ಗುಲಾಬಿಯ ಮೇಲೆ ಕೂರಿಸಿದ ಎಕ್ಕದ ಹುಳುವಿನ ಚಿತ್ರ ಅದು ಗುಲಾಬಿ ತಿನ್ನುತ್ತದೆಂಬ ತಪ್ಪು ತಿಳಿವಳಿಕೆಯನ್ನು ಹಬ್ಬಿಸುತ್ತದೆ. ಬೇರೆ ಗಿಡಕ್ಕೆ ಬಿಟ್ಟ ಹುಳು ಹಸಿದು ಸಾಯುವುದೂ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಫೋಕಸ್ ಸ್ಟ್ಯಾಕಿಂಗ್‌ಗೆ ಅವಕಾಶವಿದ್ದರೂ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಅದರಿಂದ ಏನನ್ನೂ ಅಳಿಸುವಂತಿಲ್ಲ. ರಂಗಯ್ಯನದುರ್ಗದಂಥ ರಕ್ಷಿತ ಪ್ರದೇಶದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಅಲ್ಲಿಂದ ಹುಳುಗಳನ್ನು ಹಿಡಿದು ತರುವಂತಿಲ್ಲ.

ಹಿತ್ತಲಿನ ಹುಳುವಿನ ಹೆಸರು ತಿಳಿಯದಿದ್ದಾಗ ಅದನ್ನು ಅದೇ ಗಿಡದ ತಾಜಾ ಎಲೆಯೊಂದಿಗೆ, ಗಾಳಿಯಾಡುವ ಡಬ್ಬಿಯಲ್ಲಿ ಸಾಕಿ, ಹೊರಬಂದ ಚಿಟ್ಟೆಯನ್ನೋ ಪತಂಗವನ್ನೋ ಚಿತ್ರ ತೆಗೆದು ಬಿಡುವುದು ಬೆಲ್ ಕಾಲದ ನಂಬಿಕೆಯ ದಾರಿ. ಕೆಲವು ಸಲ ಚಿಟ್ಟೆಯ ಬದಲು ಹುಳುವಿನ ಮೈಯಿಂದ ಅಕ್ಕಿಕಾಳಿನಷ್ಟು ಬಿಳಿ ಗೂಡುಗಳು ಹೊರಬಂದು, ಅವುಗಳಿಂದ ಪುಟ್ಟ ಪರಾವಲಂಬಿ ಕಣಜಗಳು ಹಾರುತ್ತವೆ. ಅದನ್ನೂ ದಾಖಲಿಸಬೇಕು, ಯಾವ ಕಣಜ ಯಾವ ಹುಳುವಿಗೆ ಎಂಬ ತಿಳಿವಳಿಕೆ ಬೇಸಾಯಕ್ಕೆ ನೇರ ಉಪಯೋಗದ್ದು.

ಪ್ರತಿ ಚಿತ್ರದ ಜೊತೆ ದಿನಾಂಕ, ಊರು, ಗಿಡದ ಹೆಸರು, ಹುಳುವಿನ ಉದ್ದ ಬರೆದಿಡುವುದು ರೂಢಿ. ಗಿಡದ ಶಾಸ್ತ್ರೀಯ ಹೆಸರು ಗೊತ್ತಿಲ್ಲದಿದ್ದರೆ ಊರಿನವರು ಕರೆಯುವ ಹೆಸರೇ ಆಗಬಹುದು, ಜೊತೆಗೆ ಎಲೆ ಮತ್ತು ಹೂವಿನ ಚಿತ್ರ ಬೇರೆಯಾಗಿ ಇರಬೇಕು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ಗಳಲ್ಲಿ ಇಂಥ ದಾಖಲೆಗಳನ್ನು ಫೋನಿನಿಂದಲೇ ಸೇರಿಸಬಹುದು. ಜುಲೈ ಕೊನೆಯಲ್ಲಿ ಬರುವ ಪತಂಗ ಸಪ್ತಾಹಕ್ಕೆ ಮನೆಯಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಿದರೆ ಬಂದು ಕೂರುವ ಪತಂಗಗಳ ಚಿತ್ರವೂ ಅದೇ ದಾಖಲೆಗೆ ಸೇರುತ್ತದೆ.